ಅತ್ತಿ, ಒಂದು ಕಿಲೋ ಪೇಢೆ ಮತ್ತ ಸಾತಾರಾದ ಘಾಟ್

ಶುಕ್ರವಾರ

ಧಾರವಾಡ ಬಿಡೂದು ಬೆಳಿಗ್ಗೆ ಏಳಕ್ಕ ಅಂತ ಠರಾವಾಗಿತ್ತು, ಬಿಟ್ಟಿದ್ದು ಹತ್ತೂ ಹತ್ತಕ್ಕ. ಕಾರಣ ಪೇಢೆ. ಎಲ್ಲಾರೂ ಕಾರಿನ್ಯಾಗ ಕುಂತ ಮ್ಯಾಲೆ ಅತ್ತಿ, "ಪರ ಊರಿಗೆ ಹೊಂಟೇವಿ, ಬರಿಗೈಲೆ ಹೆಂಗ ಹೋಗೂದು" ಅಂದ್ರು. ಸಾತಾರಾದಾಗ ನಮಗ ಗುರ್ತಿನವರು ಒಂದು ನರಪಿಳ್ಳೀನೂ ಇಲ್ಲ. "ಯಾರಿಗೆ ಕೊಡ್ತೀ ಅವ್ವಾ" ಅಂತ ನಮ್ಮ ಮನಿಯವರು ಕೇಳಿದ್ರ "ಯಾರರೆ ಸಿಗ್ತಾರ ಬಿಡೋ" ಅಂತ ಉತ್ತರ. ಲೈನ್ ಬಜಾರಿಗೆ ಕಾರು ತಿರುಗಿಸಿ, ಅಂಗಡಿ ತಗಿಯೂತನಕ ಕಾದು, ಪಾಳಿ ಹಚ್ಚಿ, ಒಂದು ಕಿಲೋ ಡಬ್ಬಿ ತಂದಿದ್ದಾತು. ಈ ಡಬ್ಬಿ ಕಥಿ ಮುಂದ ಬರ್ತೈತಿ, ನೆನಪಿಟ್ಕೋರಿ.

ಹೊಂಟಿದ್ದು ಸಾತಾರಾ ಹಿಲ್ ಹಾಫ್ ಮ್ಯಾರಥಾನಿಗೆ. ನಂದು ಮೊದಲ್ನೇ ಹಾಫು. ವಯಸ್ಸು ನಲವತ್ತಮೂರು, ಹೈಸ್ಕೂಲಿನ್ಯಾಗ ಗಣಿತ ಕಲಿಸ್ತೇನಿ. ಎರಡು ವರ್ಷದ ಹಿಂದ ಮೂರನೇ ಮಾಳಿಗಿ ಕ್ಲಾಸಿಗೆ ಹತ್ತಿ ಹೋಗೂದ್ರಾಗ ನಂಗ ತೇಕು ಬಂದು ಹಾಜರಿ ಕರಿಯಾಕ ಆಗ್ತಿರಲಿಲ್ಲ, ಹುಡುಗೂರು ಕಿಸಕ್ ಅಂತಿದ್ವು, ಅಲ್ಲಿಂದ ಶುರು ಆತು ನೋಡ್ರಿ. ಮೊದಲು ಕೆಲಗೇರಿ ಕೆರಿ ಕಡೆ ವಾಕಿಂಗು, ಆಮ್ಯಾಲೆ ಮೆಲ್ಲಕ ಓಡೂದು, ಆಮ್ಯಾಲೆ ಯೂನಿವರ್ಸಿಟಿ ಗುಡ್ಡ. ಕರ್ನಾಟಕ ಯೂನಿವರ್ಸಿಟಿ ಇರೋ ಗುಡ್ಡಕ್ಕ ನಮ್ಮೂರಾಗ ಛೋಟಾ ಮಹಾಬಳೇಶ್ವರ ಅಂತಾರ, ಅದನ್ನ ವಾರಕ್ಕ ಮೂರು ಸಲ ಏರಿ ಇಳದು ಏರಿ ಇಳದು ನಂಗ ಸೊಕ್ಕು ಬಂದಿತ್ತು. ಖರೇ ಮಹಾಬಳೇಶ್ವರದ ಬಾಜೂ ಊರಾಗ ಗುಡ್ಡ ಓಡೋ ರೇಸ್ ಐತಿ ಅಂತ ಗೊತ್ತಾದ ದಿವಸ ರಾತ್ರಿನ ರೊಕ್ಕ ಕಟ್ಟಿಬಿಟ್ಟೆ. 21 ಕಿಲೋಮೀಟರ್ ಮತ್ತ 97.5 ಮೀಟರ್. ಎಲ್ಲಾರೂ ಇಪ್ಪತ್ತೊಂದು ಅಂತಾರ, ನಾನು ಗಣಿತದಾಕಿ, ಆ ತೊಂಬತ್ತೇಳೂವರಿ ಮೀಟರ್ ಬಿಟ್ಟುಕೊಡಾಂಗಿಲ್ಲ.

ದಾರಿ ಸುಮಾರು ಮುನ್ನೂರು ಕಿಲೋಮೀಟರ್ ಮ್ಯಾಲೆ, ಬೆಳಗಾವಿ, ನಿಪ್ಪಾಣಿ, ಕೊಲ್ಲಾಪುರ, ಕರಾಡ, ಸಾತಾರಾ, ಪೂರ್ತಿ ಎನ್‌ಎಚ್ 48. ನಿಪ್ಪಾಣಿ ಅತ್ತಿ ತವರು, ಹಿಂಗಾಗಿ ಅಲ್ಲಿ ಚಹಾಕ್ಕ ಅಂತ ಇಳದು ಊಟಾನೂ ಮುಗಿಸಿಕೊಂಡ ಹೊಂಟ್ವಿ. ಕೊಗನೊಳ್ಳಿ ಟೋಲ್ ದಾಟಿದ ತಕ್ಷಣ ಅತ್ತಿ ಬಾಯಾಗ ಮರಾಠಿ ತಂತಾನ ಶುರು ಆಗ್ತೈತಿ, ಅದಕ್ಕ ಯಾವ ಬೋರ್ಡೂ ಬೇಕಾಗಾಂಗಿಲ್ಲ. ಕೊಲ್ಲಾಪುರದ ಮುಂದ ರಸ್ತೆ ಅಗಲ ಮಾಡೋ ಕೆಲಸ ನಡದಿತ್ತು, ಡೈವರ್ಷನ್ ಮ್ಯಾಲೆ ಡೈವರ್ಷನ್, ಮಗಳು ಎರಡು ಸಲ ಕಾರಿ ಅದು ಬ್ಯಾರೆ.

ಕರಾಡದಾಗ ಕೃಷ್ಣಾ ಕೊಯ್ನಾ ಎದುರುಬದುರಾಗಿ ಬಂದು ಕೂಡ್ತಾವು, ಪ್ರೀತಿಸಂಗಮ ಅಂತಾರ. ಇಲ್ಲಿ ಕೂಡಿದ ನೀರ ಮುಂದ ನಮ್ಮ ಆಲಮಟ್ಟಿಗೆ ಬರೂದು ಅಂತ ನಮ್ಮವರು ಮಗಳಿಗೆ ಹೇಳಿದ್ರು, ಅಕಿ ಮೊಬೈಲಿನ್ಯಾಗ ಮಗ್ನ. ಆದ್ರ ಖಾಶಾಬಾ ಜಾಧವ ಅವರ ಕಥಿ ಬಂದಾಗ ಮಾತ್ರ ಇಯರ್‌ಫೋನ್ ತಗದ್ಲು. ಕರಾಡದ ಬಾಜೂ ಗೋಳೇಶ್ವರ ಅನ್ನೋ ಹಳ್ಳಿಯವ್ರು, 1952ರ ಹೆಲ್ಸಿಂಕಿ ಒಲಿಂಪಿಕ್ಸಿನ್ಯಾಗ ಕುಸ್ತಿಗೆ ಕಂಚು ತಂದ್ರು, ಸ್ವತಂತ್ರ ಭಾರತಕ್ಕ ಒಬ್ಬೊಬ್ಬರ ಆಟದಾಗ ಬಂದ ಮೊದಲ್ನೇ ಪದಕ ಅದು. ಹೋಗಾಕ ರೊಕ್ಕ ಇರಲಿಲ್ಲ, ಮಂದಿ ಕಡೆ ವರ್ಗಣಿ ಎತ್ತಿ ಹೋಗಿದ್ರು. ಸಾತಾರಾ ಜಿಲ್ಲಾ ಹಂಗ ನೋಡಿದ್ರ ಗಟ್ಟಿ ಮಂದಿದು, ಲಲಿತಾ ಬಾಬರ್ ಕೂಡ ಇದ ಜಿಲ್ಲಾದಾಕಿ, 2016ರಾಗ ರಿಯೋ ಒಲಿಂಪಿಕ್ಸಿನ್ಯಾಗ ಸ್ಟೀಪಲ್‌ಚೇಸ್, ಅಂದ್ರ ಅಡತಡಿ ಜಿಗದು ಓಡೋ ರೇಸಿನ ಫೈನಲ್ ಮುಟ್ಟಿ ಹತ್ತನೇ ನಂಬರ್ ಬಂದ್ಲು. "ಹಂಗಾರ ಮಮ್ಮಿ ನೀ ಎಷ್ಟನೇ ನಂಬರ್ ಬರ್ತೀ" ಅಂತ ಕೇಳಿದ್ಲು ಮಗಳು. ನಾನು ಕಿಟಕಿ ಹೊರಗ ಕಬ್ಬಿನ ಹೊಲ ನೋಡ್ಕೋತ ಕುಂತೆ.

ಶನಿವಾರ

ಬಿಬ್ ತೊಗೊಂಡ್ವಿ, ಅಂದ್ರ ಎದಿಗೆ ಹಚ್ಚಿಕೊಳ್ಳೋ ನಂಬರ್ ಚೀಟಿ, ಟೀ ಶರ್ಟ್ ಕೊಟ್ರು. ಎಲ್ಲಾರಿಗೂ ಒಂದ ಬಣ್ಣದ ಟೀ ಶರ್ಟು, ಇದು ನಾಳೆ ನಮ್ಮವರಿಗೆ ಮುಳುವಾಗೋದೈತಿ ಅಂತ ಆವತ್ತು ಯಾರಿಗೂ ಹೊಳೀಲಿಲ್ಲ.

ನಾನು ಮಾಡಿದ ತಪ್ಪಂದ್ರ ಮಧ್ಯಾಹ್ನ ಕಾರಿನ್ಯಾಗ ಹೋಗಿ ದಾರಿ ನೋಡ್ಕೊಂಡು ಬಂದಿದ್ದು. ಪೊಲೀಸ್ ಪರೇಡ್ ಗ್ರೌಂಡಿನಿಂದ ಊರಾಗ ಹಾದು, ಸಮರ್ಥ ಮಂದಿರದ ಕಡಿಂದ ಯವತೇಶ್ವರ ಘಾಟ್ ಹಿಡದು, ಕಾಸ್ ರೋಡಿನ್ಯಾಗ ಮ್ಯಾಲೆ ಹೋಗಿ, ಅದ ದಾರ್‍ಯಾಗ ಹೊಳ್ಳಿ ಬರೂದು. ಅಂದ್ರ ಹೋಗೂದೆಲ್ಲಾ ಏರು, ಬರೂದೆಲ್ಲಾ ಇಳಕಲ. ನಮ್ಮ ಕಾರು ಸೆಕೆಂಡ್ ಗೇರಿಗೆ ಬಂತು. ಒಂದು ತಿರುವು, ಇನ್ನೊಂದು ತಿರುವು, ಕೆಳಗ ಸಾತಾರಾ ಸಣ್ಣದಾಕ್ಕೋತ ಹೊಂಟಿತ್ತು, ಎದುರಿಗೆ ಅಜಿಂಕ್ಯತಾರಾ ಕಿಲ್ಲೆ, ಮೊದಲು ತಲಿ ಎತ್ತಿ ನೋಡಿದ್ದನ್ನ ಈಗ ಸರೀ ಎದುರಿಗೆ ನೋಡಾಕತ್ತಿದ್ವಿ. ಧಾರವಾಡ, ಸಾತಾರಾ ಎರಡೂ ಹೆಚ್ಚುಕಡಿಮಿ ಒಂದ ಎತ್ತರದಾಗ ಅದಾವು, ಸಮುದ್ರದಿಂದ 700 ಮೀಟರ್ ಚಿಲ್ರೆ, ಆದ್ರ ಮ್ಯಾಲಿನ ಕಾಸ್ ಪಠಾರ 1,200ರ ಆಸುಪಾಸು. ಯೂನಿವರ್ಸಿಟಿ ಗುಡ್ಡದ ಸೊಕ್ಕು ಅಲ್ಲೇ ಮೂರನೇ ತಿರುವಿನ್ಯಾಗ ಇಳೀತು. 2015ರಾಗ ಇದ ಗುಡ್ಡದ ಮ್ಯಾಲೆ 2,500ಕ್ಕಿಂತ ಹೆಚ್ಚು ಮಂದಿ ಓಡಿ ಗಿನ್ನೆಸ್ ದಾಖಲೆ ಆಗೇತಿ ಅಂತ ನಮ್ಮವರು ಮೊಬೈಲ್ ನೋಡಿ ಹೇಳಿದ್ರು, ಧೈರ್ಯ ಬರ್ಲಿ ಅಂತ. ನಂಗ ಅನಿಸಿದ್ದು, ಅಷ್ಟು ಮಂದಿಗೆ ಹುಚ್ಚು ಹಿಡದಿತ್ತಾ ಅಂತ.

ರಾತ್ರಿ ಲಾಡ್ಜಿನ್ಯಾಗ ಮೀಟಿಂಗ್. ನಮ್ಮವರದು ಬ್ಯಾಂಕ್ ನೌಕ್ರಿ, ಎಕ್ಸೆಲ್ ಶೀಟ್ ಮಾಡಿದ್ರು, ನಾ ಎಲ್ಲಿ ಎಷ್ಟಕ್ಕ ಬರ್ತೇನಿ, ಯಾರು ಎಲ್ಲಿ ನಿಂದರಬೇಕು ಅಂತ. ಬೆಳಿಗ್ಗೆ ರೋಡ್ ಬಂದ್ ಆಗ್ತಾವು, ಅದಕ್ಕ ಅಪ್ಪ ಮಗಳು ಕತ್ತಲದಾಗ ಘಾಟ್ ನಡಕೋತ ಹತ್ತಿ ನಡುವ ನಿಂದರೂದು, ಅತ್ತಿ ಲಾಡ್ಜಿನ್ಯಾಗ ಇರೂದು ಅಂತ ಬರದಿತ್ತು. ಅತ್ತಿ ಅಲ್ಲೀತನಕ ಹೊರಗ ಗಣಪತಿ ಹಬ್ಬಕ್ಕ ಪ್ರಾಕ್ಟೀಸ್ ನಡೆಸಿದ್ದ ಢೋಲ್ ತಾಶಾ ಕೇಳ್ಕೋತ ಕುಂತಿದ್ರು, ಸುಮ್ಮನ ಕೇಳಿದ್ರು: "ನಾ ಮುನ್ನೂರು ಕಿಲೋಮೀಟರ್ ಬಂದಿದ್ದು ಲಾಡ್ಜಿನ ಗೋಡಿ ನೋಡಾಕೇನು?" ಎಪ್ಪತ್ತೊಂದು ವರ್ಷ, ಮಂಡಿ ನೋವು, ಬಿ.ಪಿ. ಗುಳಗಿ. ಸಮರ್ಥ ಮಂದಿರದ ಹತ್ರ ಅವರನ್ನ ಕುಂದ್ರಿಸೂದು ಅಂತ ಶೀಟ್ ತಿದ್ದಿದ್ವಿ.

ರವಿವಾರ

ಮೂರೂವರಿಗೆ ಎದ್ದೆ. ನಾಕಕ್ಕ ಬಿಸಿನೀರು ಬಿಡ್ತೇವಿ ಅಂದಿದ್ದ ಲಾಡ್ಜಿನವರು ನಾಕೂವರಿ ಆದ್ರೂ ಬಿಡಲಿಲ್ಲ. ನಾ ಮುಖಾ ತೊಳಕೊಂಡು ತಯಾರಾದೆ, ಅತ್ತಿ ಮಾತ್ರ ಜಳಕ ಇಲ್ದ ಹೊರಗ ಕಾಲಿಡೋರಲ್ಲ, ಆ ಥಂಡಿ ನೀರಾಗ ತಲಿ ಮ್ಯಾಲಿಂದ ಹಾಕ್ಕೊಂಡು, ಇಳಕಲ ಸೀರಿ ಉಟ್ಟು, ಕುಂಕುಮ ಹಚ್ಚಿ, ಮ್ಯಾಲೆ ನಮ್ಮವರ ಜರ್ಕಿನ್ ಹಾಕ್ಕೊಂಡು ಪೇಢೆ ಡಬ್ಬಿ ಬಗಲಾಗ ಇಟ್ಕೊಂಡು ನಿಂತಾಗ ಖರೇ ರೇಸಿಗೆ ಹೊಂಟೋರು ಇವರ ಅನ್ನೋ ಹಂಗಿತ್ತು.

ಆರೂವರಿಗೆ ಬಿಟ್ರು. ಸಾವಿರಗಟ್ಟಲೆ ಮಂದಿ, ಜಿಟಿಜಿಟಿ ಮಳಿ, "ಗಣಪತಿ ಬಾಪ್ಪಾ" ಅಂತ ಯಾರೋ ಕೂಗಿದ್ರ ಇಡೀ ರಸ್ತೆ "ಮೋರಯಾ" ಅಂತು. ಊರಾಗ ಮೊದಲ್ನೇ ಎರಡು ಕಿಲೋಮೀಟರ್ ಕಾಲು ನೆಲಕ್ಕ ಹತ್ತಿದ್ದ ಗೊತ್ತಾಗಲಿಲ್ಲ. ಮನಿ ಮನಿ ಮುಂದ ಮಂದಿ ನಿಂತಿದ್ರು, ಪಟ್ಟಿ ಮ್ಯಾಲೆ ಕುಂತ ಹೆಣ್ಮಕ್ಕಳು, ಹಲ್ಲು ತಿಕ್ಕೋತ ನಿಂತ ಗಂಡಸರು, ಲೇಝಿಮ್ ಆಡೋ ಸಾಲಿ ಹುಡುಗ್ಯಾರು. ನಮ್ಮ ಕಡೆ ಮುಂಜಾನೆ ಓಡಾಕ ಹೋದ್ರ ನಾಯಿ ಬೆನ್ನ ಹತ್ತತಾವು, ಇಲ್ಲಿ ಊರ ಬೆನ್ನ ಹತ್ತಿತ್ತು.

ಸಮರ್ಥ ಮಂದಿರದ ಹತ್ರ ಅತ್ತಿ ಕಂಡ್ರು. ಬಂದ್ ಇದ್ದ ಅಂಗಡಿ ಮುಂದ ಯಾರೋ ಪ್ಲಾಸ್ಟಿಕ್ ಖುರ್ಚಿ ಕೊಟ್ಟಿದ್ರು, ಅದರ ಮ್ಯಾಲೆ ಜರ್ಕಿನ್ ಇಟ್ಟು ತಾವು ನಿಂತಿದ್ರು. ಡಬ್ಬಿ ತಗದಿತ್ತು. ಒಬ್ಬ ಉದ್ದನ್ನ ಹುಡುಗ ಬಗ್ಗಿ ಕೈ ಒಡ್ಡಿದ್ದ, ಅವನ ಕೈಯಾಗ ಪೇಢೆ ಇಡಾಕತ್ತಿದ್ರು, ಹಿಂದ ಇನ್ನಿಬ್ರು ಪಾಳಿ! "ಚಲಾ ಚಲಾ, ಥಾಂಬೂ ನಕಾ" ಅಂತ ಮರಾಠಿಯೊಳಗ ನಿಲ್ಲಬ್ಯಾಡ್ರಿ ಅನ್ಕೋತ ಎಲ್ಲಾರನ್ನೂ ತಾವ ನಿಲ್ಲಿಸಿ ಪೇಢೆ ತಿನಿಸಾಕತ್ತಿದ್ರು. ನಾ "ಅತ್ತೀ" ಅಂತ ಒದರಿದೆ. ನನ್ನ ಕಡೆ ನೋಡಿ, "ಹೋಗ್ ಹೋಗವಾ, ನಿಂದು ಬರೂಮುಂದ ಕೊಡ್ತೇನಿ" ಅಂದು ಮುಂದಿನವರಿಗೆ ಕೈ ಚಾಚಿದ್ರು.

ಆಮ್ಯಾಲೆ ಘಾಟ್. ಇದನ್ನ ಭಾಳ ಬಣ್ಣ ಹಚ್ಚಿ ಹೇಳೂದು ಏನಿಲ್ಲ, ಏರು ಅಂದ್ರ ಏರು. ಒಂದು ತಿರುವು ಮುಗೀತು ಅನ್ನೂದ್ರಾಗ ಮುಂದಿನ ತಿರುವಿನ್ಯಾಗ ಮಂದಿ ತಲಿ ಕಾಣ್ತಾವು, ಅವು ನಿನ್ನ ತಲಿಗಿಂತ ಎರಡಾಳು ಮ್ಯಾಲೆ. ಎರಡು ನಿಮಿಷ ಓಡೂದು, ಒಂದು ನಿಮಿಷ ನಡಿಯೂದು ಅಂತ ಲೆಕ್ಕ ಹಾಕ್ಕೊಂಡಿದ್ದೆ, ಐದನೇ ಕಿಲೋಮೀಟರಿಗೆ ಆ ಲೆಕ್ಕ ತಿರುವುಮುರುವು ಆಗಿ ಒಂದು ನಿಮಿಷ ಓಡಿ ಎರಡು ನಿಮಿಷ ನಡಿಯಾಕತ್ತಿದ್ದೆ. ಅಷ್ಟೊತ್ತಿಗೆ ಮಂಜಿನ್ಯಾಗ ಒಂದು ರಟ್ಟಿನ ಬೋರ್ಡ್ ಕಾಣ್ತು, ಕೆಂಪು ಸ್ಕೆಚ್ ಪೆನ್ನಿಲೆ ಬರದಿದ್ದು, ಮಳಿಗೆ ಇಳದು ರಕ್ತ ಸುರದಂಗ ಆಗಿತ್ತು: "ಸ್ಟೆಪ್ಸ್ ಬಿಟ್ರ ಮಾರ್ಕ್ಸ್ ಇಲ್ಲ ಟೀಚರ್!" ಇಪ್ಪತ್ತು ವರ್ಷದಿಂದ ನಾ ಕ್ಲಾಸಿನ್ಯಾಗ ಹೇಳೋ ಮಾತು ಅದು. ಮಗಳು ಬೋರ್ಡ್ ಹಿಡಕೊಂಡು ಬಾಜೂ ಐವತ್ತು ಹೆಜ್ಜಿ ಓಡಿದ್ಲು, ನೀರು ಕುಡಿಸಿದ್ಲು, ಸಣ್ಣ ಉಪ್ಪಿನ ಪುಡಿಕಿ ಕೈಯಾಗ ಇಟ್ಟಳು. "ಅಪ್ಪಾ ಎಲ್ಲಿ" ಅಂದೆ. "ಈಗರ ಇಲ್ಲೇ ಇದ್ರು, ನಿನ್ನ ವಿಡಿಯೋ ತಗೀತೇನಿ ಅಂತ ಮುಂದ ಓಡಿದ್ರಲಾ" ಅಂದ್ಲು.

ನಮ್ಮವರು ಮುಂದ ಓಡಿದ್ದು ಖರೇ, ಬ್ಯಾರೆ ಯಾರದೋ ಹಿಂದ. ಅದ ಟೀ ಶರ್ಟು, ಅದ ಕರಿ ಕ್ಯಾಪು, ನನ್ನಷ್ಟ ಎತ್ತರ. ಮಂಜಿನ್ಯಾಗ ಆ ಬಾಯಾರ ಹಿಂದ ಇನ್ನೂರು ಮೀಟರ್ ಏರು ಓಡಿ ನನ್ನ ಹೆಸರು ಹಿಡದು "ಶಾಭಾಸ್, ಬಿಡಬ್ಯಾಡ, ಮೊಣಕಾಲು ಎತ್ತು" ಅಂತ ಒದರಿಕೋತ ವಿಡಿಯೋ ಮಾಡ್ಯಾರ. ಆಕಿ ಕಡೀಕ ತಿರುಗಿ "ಥ್ಯಾಂಕ್ಯೂ ಭಾವು" ಅಂದಾಗ ಗೊತ್ತಾಗೇತಿ. ಈ ವಿಡಿಯೋ ನಾಲ್ಕು ನಿಮಿಷದ್ದೈತಿ, ನಮ್ಮ ಮನ್ಯಾಗ ಯಾರೇ ಬಂದ್ರೂ ತೋರಿಸ್ತೇವಿ. ನಾನು ದಾಟೂಮುಂದ ಅವರು ರೋಡ್ ಬಾಜೂ ಕಲ್ಲಿನ ಮ್ಯಾಲೆ ಕುಂತು ದಮ್ಮು ತೊಗೊಳಾಕತ್ತಿದ್ರು, ನನ್ನ ನೋಡಿ ಕೈ ಎತ್ತಿದ್ರು, ಮಾತು ಹೊರಡಲಿಲ್ಲ.

ಮ್ಯಾಲೆ ಹೋದಂಗ ಗಾಳಿ ತಣ್ಣಗ. ಫಾಸ್ಟ್ ಓಡೋ ಮಂದಿ ಆಗಲೇ ಹೊಳ್ಳಿ ಎದುರು ಇಳದು ಬರಾಕತ್ತಿದ್ರು, ಅವರ ಶೂಜಿನ ಸಪ್ಪಳ ಹಸೀ ಡಾಂಬರಿನ ಮ್ಯಾಲೆ ಟಪ್ ಟಪ್ ಅಂತ, ಮಂಜಿನ್ಯಾಗಿಂದ ಬಂದು ಮಂಜಿನ್ಯಾಗ ಹೋಗ್ತಿದ್ರು. ನನ್ನ ಬಾಜೂ ನಡಕೋತ ಹೊಂಟಿದ್ದ ಪುಣೆಯವರೊಬ್ರು ಮಾತಿಗೆ ಸಿಕ್ರು, ವಯಸ್ಸಾದವರು. ಎಲ್ಲಿಯವರು ಅಂತ ಕೇಳಿದ್ರು, ಧಾರವಾಡ ಅಂದೆ. ಅವರ ಮಾರಿ ಅರಳ್ತು. "ಖಾಲೀ ಏಕಾ ಆಜೀಂನೀ ಪೇಢಾ ದಿಲಾ" ಅಂದ್ರು, ಕೆಳಗ ಒಬ್ಬ ಅಜ್ಜಿ ಪೇಢೆ ಕೊಟ್ಟರು ಅಂತ. ಧಾರವಾಡದ್ದಂತ, ಕಂದು ಬಣ್ಣ, ಮ್ಯಾಲೆ ಸಕ್ಕರಿ ಪುಡಿ, ನೀವು ತಿಂದೀರೇನು ಅಂತ ನನ್ನ ಕೇಳಾಕತ್ತಾರ! ನಾನು ಹ್ಞೂಂ ಅಂದೆ, ಅವರು ನಮ್ಮತ್ತಿ ಅಂತ ಹೇಳಾಕ ಉಸಿರು ಸಾಲಲಿಲ್ಲ. ಮುಂದ ಹೊಳ್ಳಿ ಬರೋ ಪಾಯಿಂಟ್ ಬರೂತನಕ ಇನ್ನೂ ಮೂರು ಮಂದಿ ಬಾಯಾಗ ಆ ಅಜ್ಜಿ ಸುದ್ದಿ ಕೇಳಿದೆ. ಉನ್ನಾವದಿಂದ ಬಂದ ಠಾಕೂರ್ ಮನೆತನದವರು ಧಾರವಾಡದಾಗ ಪೇಢೆ ಮಾಡಿದ್ರು, ಅದನ್ನ ಕಾಸ್ ರೋಡಿಗೆ ಮುಟ್ಟಿಸಿದ್ದು ನಮ್ಮತ್ತಿ.

ಇಳಕಲ ಹಗರ ಅಂತ ಯಾರು ಹೇಳ್ಯಾರೋ ಅವರನ್ನ ಹುಡುಕಬೇಕಾಗೇತಿ. ಏರಿನ್ಯಾಗ ಉಸಿರು ಹೋಗ್ತೈತಿ, ಇಳಕಲದಾಗ ತೊಡಿ ಹೋಗ್ತೈತಿ. ಹೆಜ್ಜಿ ಹೆಜ್ಜಿಗೂ ಮೈ ಭಾರ ಎಲ್ಲಾ ತೊಡಿ ಹಿಡದು ತಡೀಬೇಕು, ಬ್ರೇಕ್ ಹಚ್ಚಿಕೊಂಡ ಗಾಡಿ ಓಡಿಸಿದಂಗ, ಬೆರಳು ಶೂಜಿನ ತುದಿಗೆ ಬಡದು ಬಡದು ಬಲಗಾಲ ಹೆಬ್ಬೆರಳಿನ ಉಗುರು ಅವತ್ತ ಕರ್ರಗಾತು. ಹದಿನಾರನೇ ಕಿಲೋಮೀಟರಿನ್ಯಾಗ ಎಡ ಮೀನಖಂಡ ಸೆಳದು ಹಿಡೀತು, ಕಲ್ಲಿನಂಗ. ರೋಡಿನ ಅಂಚಿಗೆ ಕುಂತೆ. ವಾಲಂಟಿಯರ್ ಹುಡುಗ ಸ್ಪ್ರೇ ಹೊಡದ, ಪಾದ ಹಿಡದು ಹಿಂದ ಒತ್ತಿದ. ಮಗಳು ಕೊಟ್ಟ ಉಪ್ಪು ನೆನಪಾತು, ಪುಡಿಕಿ ಬೆವರಿಗೆ ಮುದ್ದಿ ಆಗಿತ್ತು, ಕಾಗದ ಸಮೇತ ನೆಕ್ಕಿದೆ. ಅದರಿಂದ ಹೋತೋ, ಕುಂತದ್ದಕ್ಕ ಹೋತೋ, ಎದ್ದು ಕುಂಟಿಕೋತ ಹೊಂಟೆ.

ಸಮರ್ಥ ಮಂದಿರ ಬಂತು. ಅತ್ತಿ ಅಲ್ಲೇ ಇದ್ರು, ಈಗ ಸುತ್ತ ಐದಾರು ಹೆಣ್ಮಕ್ಕಳು, ಎಲ್ಲಾರೂ ಗುರ್ತಿನವರಂಗ. ನನ್ನ ಕಂಡ ಕೂಡ್ಲೆ ಏನೋ ಒದರಾಕ ಹೋದ್ರು, ದನಿ ಬರಲಿಲ್ಲ. ಬರೇ ಗಾಳಿ. ಗಂಟಲು ಪೂರ್ತಿ ಬಿದ್ದಿತ್ತು. ಡಬ್ಬಿ ಮುಂದ ಹಿಡದ್ರು, ನೋಡಿದ್ರ ಖಾಲಿ. ಒಂದೂ ಇಲ್ಲ! ಅವರ ಮಾರಿ ಸಣ್ಣದಾತು ಪಾಪ, ಡಬ್ಬಿ ಒಳಗಿನ ಹಾಳಿ ಮಡಚಿ, ಮೂಲ್ಯಾಗ ಉಳದಿದ್ದ ಸಕ್ಕರಿ ಪುಡಿ, ನಾಕು ಚೂರು, ಎಲ್ಲಾ ಒಂದಕಡೆ ಮಾಡಿ ಎರಡು ಬೆರಳಿಲೆ ಹಿಡದು ನನ್ನ ಬಾಯಾಗ ಹಾಕಿದ್ರು. ಕೈ ಥಂಡಿಗೆ ನಡುಗಾಕತ್ತಿತ್ತು, ಅರ್ಧ ಸಕ್ಕರಿ ನನ್ನ ಗದ್ದಕ್ಕ ಹತ್ತಿತು. ಆ ಸಕ್ಕರಿ ಗದ್ದ ತೊಗೊಂಡ ಫಿನಿಶ್ ಲೈನ್ ದಾಟಿದೆ, ಫೋಟೋದಾಗ ಕಾಣ್ತೈತಿ. ಎರಡು ತಾಸು ಐವತ್ತನಾಲ್ಕು ನಿಮಿಷ.

ಮೆಡಲ್ ಹಾಕಿದ್ರು, ಬಾಳೆಹಣ್ಣು ಕೊಟ್ರು, ಸುತ್ತ ಎಲ್ಲಾರೂ ತಮ್ಮ ತಮ್ಮವರನ್ನ ಅಪ್ಪಿಕೊಂಡು ಫೋಟೋ ಹೊಡಸಾಕತ್ತಿದ್ರು. ನಮ್ಮವರು ಒಬ್ಬರೂ ಇಲ್ಲ. ಎಕ್ಸೆಲ್ ಶೀಟಿನ್ಯಾಗ ಫಿನಿಶ್ ಲೈನಿಗೆ ಯಾರು ಅಂತ ಬರಿಯೂದ ಮರೆತಿದ್ವಿ. ಅಪ್ಪ ಮಗಳು ಇನ್ನೂ ಘಾಟ್ ನಡಕೋತ ಇಳಿಯಾಕತ್ತಿದ್ರು, ರೋಡ್ ಬಂದ್, ರಿಕ್ಷಾ ಇಲ್ಲ. ನಾನು ಹುಲ್ಲಿನ ಮ್ಯಾಲೆ ಕಾಲು ಚಾಚಿ ತಾಸೊತ್ತು ಒಬ್ಬಾಕಿನ ಕುಂತೆ. ಆಗ ತಲಿಗೆ ಬಂತು, ನನ್ನ ಲೆಕ್ಕ ಮೂರು ತಾಸಿಂದು, ಇವರದು ಬೆಳಿಗ್ಗೆ ನಾಕೂವರಿಯಿಂದ ನಡದೈತಿ, ನೀರಿನ ಸ್ಟಾಲ್ ಇಲ್ಲ, ಸ್ಪ್ರೇ ಇಲ್ಲ, ಚಹಾ ಸೈತ ಕುಡದಿಲ್ಲ. ಆಮ್ಯಾಲೆ ಗೊತ್ತಾತು, ಅತ್ತಿ ಚಹಾ ಏನು, ಬಾಜೂ ಮನಿಯವರ ಕಡೆ ಪೋಹೆನೂ ತಿಂದು, ಅವರ ಬಚ್ಚಲಮನಿಗೂ ಹೋಗಿ ಬಂದು, ಅವರ ಸೊಸಿ ಬಾಣಂತನದ ಸುದ್ದಿ ಎಲ್ಲಾ ಕೇಳಿಕೊಂಡಿದ್ರು. ಆ ಮನಿಯವರ ಅತ್ತಿನ್ನ ಗ್ರೌಂಡಿನತನಕ ಕರಕೊಂಡ ಬಂದು ಬಿಟ್ಟರು. ಯಾರರೆ ಸಿಗ್ತಾರ ಅಂದಿದ್ದು ಸುಳ್ಳಾಗಲಿಲ್ಲ.

ಸೋಮವಾರ

ಮಲಗಿದಾಕಿ ಏಳಾಕ ನಮ್ಮವರ ಕೈ ಹಿಡೀಬೇಕಾತು. ಲಾಡ್ಜಿನ ಮೆಟ್ಲ ಹಿಂದಮುಂದಾಗಿ, ಕಟಾಂಜನ ಹಿಡಕೊಂಡು ಇಳದೆ. ಮಂಡಿ ನೋವಿನ ಅತ್ತಿ ಮುಂದ ಟಕ ಟಕ ಇಳದು ಹೋಗಿ ಕೆಳಗ ನಿಂತು ನೋಡ್ತಿದ್ರು, ಗಂಟಲಿಲ್ಲದಕ್ಕ ಕೈಸನ್ನಿ ಮಾಡಿ ನಕ್ರು.

ಊರಿಗೆ ಹೋಗೂದಕ್ಕಿಂತ ಮೊದಲು ಕಾಸ್ ನೋಡೂದಿತ್ತು. ನಿನ್ನೆ ಓಡಿದ ಅದ ಘಾಟ್ ಕಾರಿನ್ಯಾಗ, ಒಂದೊಂದು ತಿರುವಿಗೂ ನಾನು "ಇಲ್ಲಿ ನಡದೆ, ಇಲ್ಲಿ ಕುಂತೆ" ಅಂತ ಹೇಳ್ಕೋತ ಹೋದೆ, ಮೂರನೇ ತಿರುವಿನತನಕ ಕೇಳಿದ್ರು, ಆಮ್ಯಾಲೆ ಮಗಳು ಹಾಡು ಹಚ್ಚಿದ್ಲು. ಕಾಸ್ ಪಠಾರ 2012ರಾಗ ಪಶ್ಚಿಮ ಘಟ್ಟದ ಜೋಡಿ ಯುನೆಸ್ಕೋ ಪಟ್ಟಿಗೆ ಸೇರೇತಿ. ಕೆಂಪು ಜಂಬಿಟ್ಟಿಗಿ ಕಲ್ಲಿನ ಹಾಸು, ಅದರ ಮ್ಯಾಲೆ ಬೆರಳ ಗೆಣ್ಣಿನಷ್ಟು ಮಣ್ಣು, ಅಷ್ಟರಾಗ ಹೂವು. ನಾವು ಹೋದಾಗ ಸೆಪ್ಟೆಂಬರ್ ಶುರು, ಹೂವು ಇನ್ನೂ ಪೂರ್ತಿ ಬಂದಿರಲಿಲ್ಲ, ಬಿಳಿ ಗೆಂದ ಅಲ್ಲಲ್ಲಿ ಗುಂಡಿ ಚೆಲ್ಲಿದಂಗ, ನಡುನಡುವ ನೀಲಿ ಸಣ್ಣ ಹೂವು, ಸೀತೆಚಿ ಆಸವೆ ಅಂತಾರ ಅದಕ್ಕ, ಸೀತಾನ ಕಣ್ಣೀರು. ನೋಡಾಕ ಅಷ್ಟು ನಾಜೂಕು, ಆದ್ರ ನೀರಾಗಿನ ಸಣ್ಣ ಹುಳ ಹಿಡದು ತಿನ್ನೋ ಗಿಡ ಅದು. ಕೂತು ನೋಡಬೇಕು ಅಂತ ಭಾಳ ಆಶಾ ಇತ್ತು, ಆದ್ರ ಕುಂತ್ರ ಎಬ್ಬಿಸೋರು ಬೇಕಲಾ, ನಿಂತ ನೋಡಿದೆ.

ಇಳದು ಬಂದು ಸಾತಾರಾದ ಕಂದಿ ಪೇಢೆ ತೊಗೊಂಡ್ವಿ, ಖಾಲಿ ಡಬ್ಬಿ ಅತ್ತಿ ಒಗದಿರಲಿಲ್ಲ, ಅದರಾಗ ತುಂಬಿಸಿಕೊಂಡ್ರು. ಕಂದಿ ಪೇಢೆನೂ ಹುರದ ಖವಾದ್ದ, ಕಂದು ಬಣ್ಣದ್ದ, ಮ್ಯಾಲೆ ಸಕ್ಕರಿ ಪುಡಿ ಇಲ್ಲ, ಸಿಹಿ ಕಡಿಮಿ. ನಂಗಂತೂ ಛಲೋ ಅನಸ್ತು, ಧಾರವಾಡದ ಮಂದಿ ಬೈದ್ರ ಬೈಲಿ. ಅತ್ತಿ ಒಂದು ಬಾಯಾಗ ಇಟ್ಕೊಂಡು ಕರಾಡತನಕ ಏನೂ ಅನ್ನಲಿಲ್ಲ. ಕರಾಡ ದಾಟಿದ ಮ್ಯಾಲೆ ಪಿಸುದನಿಲೆ "ಇದೂ ಪೇಢೆನ" ಅಂದ್ರು. ಇಷ್ಟ ಆಗೇತಿ ಅಂತನೋ, ಕರುಣಾ ತೋರಿಸಿದ್ರೋ ಇವತ್ತಿಗೂ ತಿಳಿದಿಲ್ಲ.

ಆಮ್ಯಾಲೆ ಒಂದು ವಾರ

ಕಾಲು ಗುರುವಾರಕ್ಕ ಸುಧಾರಿಸಿದ್ವು, ಅತ್ತಿ ದನಿ ಶನಿವಾರಕ್ಕ ಬಂತು. ನಮ್ಮ ಮೊಬೈಲಿನ್ಯಾಗ ಎಲ್ಲಾ ಸೇರಿ 214 ಫೋಟೋ ಇದ್ವು, ನಂದು, ಮಗಳದ್ದು, ಬೋರ್ಡಿಂದು, ಹೂವಿಂದು, ಆ ಬ್ಯಾರೆ ಬಾಯಾರದು. ರೇಸ್ ದಿವಸದ್ದು ಅತ್ತಿದು ಒಂದೂ ಇಲ್ಲ. ಬಾಜೂ ಮನಿ ಕಾಕೂ ಬಂದು "ನಿಂದ ತೋರಿಸ ಫೋಟೋ" ಅಂದಾಗ ಅದು ನಮಗ ಗೊತ್ತಾಗಿದ್ದು. ಅತ್ತಿ ಏನೂ ಅನ್ನಲಿಲ್ಲ, ಅದಕ್ಕ ಇನ್ನಷ್ಟು ಕೆಟ್ಟ ಅನಸ್ತು.

ರೇಸಿನವರ ಫೋಟೋ ಆನ್‌ಲೈನ್ ಬಿಟ್ಟಿದ್ರು. ಬಿಬ್ ನಂಬರ್ ಹಾಕಿದ್ರ ನಂದಷ್ಟ ಬರ್ತಾವು, ಅತ್ತಿಗೆ ಎಲ್ಲಿ ಬಿಬ್ಬು. ಹಿಂಗಾಗಿ ರವಿವಾರ ರಾತ್ರಿ ನಾನೂ ಮಗಳೂ ಕುಂತು ಸಮರ್ಥ ಮಂದಿರದ ಆಸುಪಾಸಿನ ಫೋಟೋ ಒಂದೊಂದ ತಗದು ನೋಡ್ಕೋತ ಹೋದ್ವಿ, ಯಾರ್‍ಯಾರದೋ ಬೆವರಿನ ಮಾರಿ, ಯಾರ್‍ಯಾರದೋ ಕಾಲು. ಹನ್ನೊಂದೂವರಿಗೆ ಸಿಕ್ತು. ಕ್ಯಾಮೆರಾ ಹಿಡದಿದ್ದು ಮುಂದಿನ ಓಟಗಾರನ್ನ, ಹಿಂದ ಮಸಕಮಸಕಾಗಿ ಇಳಕಲ ಸೀರಿ, ಒಂದು ಕೈಯಾಗ ಡಬ್ಬಿ, ಇನ್ನೊಂದು ಕೈ ಗಾಳಿಯೊಳಗ, ಬಾಯಿ ದೊಡ್ಡದಾಗಿ ತಗದದ್ದು. ಪ್ರಿಂಟ್ ಹಾಕಿಸಿ ತಂದುಕೊಟ್ಟೆ. ಚಾಳೀಸು ಹಾಕ್ಕೊಂಡು ಕಿಟಕಿ ಬೆಳಕಿಗೆ ಹಿಡದು ಭಾಳೊತ್ತು ನೋಡಿದ್ರು.

"ನಿರಿಗಿ ಸರಿ ಕುಂತಿಲ್ಲ ನೋಡವಾ," ಅಂದ್ರು, "ಕತ್ತಲದಾಗ ಉಟ್ಟದ್ದು."